ಕನ್ನಡ ಪುಸ್ತಕಗಳ ಲೈಬ್ರರಿಗೆ ಕೋಹಾ: ಅಕ್ಸೆಶನ್ ರಿಜಿಸ್ಟರ್‌ನಿಂದ ಕಂಪ್ಯೂಟರ್‌ವರೆಗೆ

ಹಾಸನ, ಚಿಕ್ಕಮಗಳೂರು ಕಡೆಯ ಕಾಲೇಜು ಲೈಬ್ರರಿಯನ್‌ಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಸರ್, ಕೋಹಾ ಹಾಕಿಕೊಳ್ಳಬೇಕು ಅಂತಿದ್ದೀವಿ, ದುಡ್ಡಿಲ್ಲ, ಕಂಪ್ಯೂಟರ್ ಮೇಷ್ಟ್ರು ಒಬ್ಬರಿದ್ದಾರೆ, ಆಗುತ್ತಾ?" ಆಗುತ್ತದೆ. ಆದರೆ ಕೇಳುವವರೆಲ್ಲ ಕಷ್ಟ ಎಲ್ಲಿದೆ ಅಂದುಕೊಂಡಿರುತ್ತಾರೋ ಅಲ್ಲಿ ಅದು ಇರುವುದಿಲ್ಲ. ಸಾಫ್ಟ್‌ವೇರ್ ಹಾಕುವುದು ಲಿನಕ್ಸ್ (ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಗೊತ್ತಿರುವವರಿಗೆ ಅರ್ಧ ದಿನದ ಕೆಲಸ. ಹಳೇ ಅಕ್ಸೆಶನ್ ರಿಜಿಸ್ಟರ್‌ನಲ್ಲಿ, ಅಂದರೆ ಬಂದ ಪ್ರತಿ ಪುಸ್ತಕಕ್ಕೂ ನಂಬರ್ ಕೊಟ್ಟು ಬರೆದಿಡುವ ಪುಸ್ತಕದಲ್ಲಿ, ಇರುವ ಕನ್ನಡ ಪುಸ್ತಕಗಳ ಪಟ್ಟಿಯನ್ನು ಹುಡುಕಿದರೆ ಸಿಗುವ ಹಾಗೆ ಮಾಡುವುದೇ ನಿಜವಾದ ಕೆಲಸ. ಹಾಗಾಗಿ ಈ ಲೇಖನದಲ್ಲಿ ಆ ಭಾಗವೇ ಜಾಸ್ತಿ ಇದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕೋಹಾ ಅನ್ನುವುದು ಲೈಬ್ರರಿ ನಡೆಸುವ ಸಾಫ್ಟ್‌ವೇರ್. ಪುಸ್ತಕಗಳ ಪಟ್ಟಿ, ಸದಸ್ಯರು, ಕೊಡುವುದು-ಪಡೆಯುವುದು, ದಂಡ, ಪತ್ರಿಕೆಗಳ ಲೆಕ್ಕ ಎಲ್ಲ ಅದರಲ್ಲೇ ಆಗುತ್ತದೆ. ನ್ಯೂಜಿಲೆಂಡ್‌ನ ಹೊರೊವೆನುವಾ ಅನ್ನುವ ಜಿಲ್ಲೆಯ ಸಣ್ಣ ಊರುಗಳ ಲೈಬ್ರರಿಗಳಿಗಾಗಿ 1999ರಲ್ಲಿ ಬರೆಯಲು ಶುರುಮಾಡಿ, 2000ದ ಜನವರಿಯಲ್ಲಿ ಬಳಕೆಗೆ ತಂದರು. ಓಪನ್ ಸೋರ್ಸ್, ಅಂದರೆ ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಈಗ ಹಲವು ದೇಶಗಳ ಲೈಬ್ರರಿಯನ್‌ಗಳು, ಪ್ರೋಗ್ರಾಮರ್‌ಗಳು ಸೇರಿ ಅದನ್ನು ಬೆಳೆಸುತ್ತಿದ್ದಾರೆ. 2011ರಲ್ಲಿ ಅವರ ಜಾಗತಿಕ ಸಮ್ಮೇಳನ ಮುಂಬೈ ಪಕ್ಕದ ಠಾಣೆಯಲ್ಲೇ ನಡೆದಿತ್ತು.

ಹಂತ 1: ನಿಮಗೆ ಕೋಹಾವೇ ಬೇಕಾ, ಮೊದಲು ನೋಡಿ

ಸರ್ಕಾರಿ ಲೈಬ್ರರಿಯಾಗಿದ್ದರೆ ನೀವೇ ತೀರ್ಮಾನ ತೆಗೆದುಕೊಳ್ಳುವ ಹಾಗಿಲ್ಲ. ಇಲಾಖೆ ಏನು ಬಳಸಲು ಹೇಳಿದೆ ಕೇಳಿ. ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ ರೂಪಿಸಿದ ಇ-ಗ್ರಂಥಾಲಯ ಅನ್ನುವ ಸಾಫ್ಟ್‌ವೇರ್ ಇದೆ. ಕಾಲೇಜುಗಳಲ್ಲಿ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಸೋಲ್ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಬಳಸುವವರು ತುಂಬಾ ಇದ್ದಾರೆ. ಅದು ಚೆನ್ನಾಗಿ ನಡೆಯುತ್ತಿದ್ದರೆ ಸುಮ್ನೆ ಬದಲಾಯಿಸಬೇಡಿ. ಪಕ್ಕದ ಕಾಲೇಜಿನವರು ಹಾಕಿದ್ದಾರೆ ಅನ್ನುವುದು ಕಾರಣವಲ್ಲ.

ಖಾಸಗಿ ಕಾಲೇಜು, ಶಾಲೆ, ಸಂಘ, ಟ್ರಸ್ಟ್, ಮಠದ ಲೈಬ್ರರಿಗಳಿಗೆ ಕೋಹಾ ಒಳ್ಳೆಯದು. ಇನ್ನೊಂದು ವಿಷಯ: ನೂರಿನ್ನೂರು ಪುಸ್ತಕದ ಲೈಬ್ರರಿಗೆ ಕೋಹಾ ಬೇಡ. ಒಂದು ಎಕ್ಸೆಲ್ ಹಾಳೆ ಸಾಕು. ಕೋಹಾ ಹಾಕಿದ ಮೇಲೆ ಅದನ್ನು ನೋಡಿಕೊಳ್ಳುವ ಒಬ್ಬರು ಇರಲೇಬೇಕು. ಆ ಒಬ್ಬರು ಯಾರು ಅಂತ ಹೆಸರು ಹೇಳಲು ಆಗದಿದ್ದರೆ ಇಲ್ಲಿಗೇ ನಿಲ್ಲಿಸಿ.

ಹಂತ 2: ಬೇಕಾಗುವ ಸಾಮಾನು

- ಒಂದು ಕಂಪ್ಯೂಟರ್. ಹೊಸದೇ ಬೇಕಿಲ್ಲ. 8 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಇರಲಿ. 4 ಜಿಬಿಯಲ್ಲೂ ನಡೆಯುತ್ತದೆ, ಆದರೆ ಜೂನ್‌ನಲ್ಲಿ ಹುಡುಗರು ಸಾಲು ನಿಂತಾಗ ತೆವಳುತ್ತದೆ.
- ಡೆಬಿಯನ್ ಅಥವಾ ಉಬುಂಟು, ಎರಡೂ ಉಚಿತ ಲಿನಕ್ಸ್. ಕೋಹಾ ವಿಂಡೋಸ್ ಮೇಲೆ ನೇರವಾಗಿ ಓಡುವುದಿಲ್ಲ. ಲೈಬ್ರರಿಯ ಉಳಿದ ಕಂಪ್ಯೂಟರ್‌ಗಳು ವಿಂಡೋಸ್ ಆಗಿದ್ದರೆ ಅಡ್ಡಿಯಿಲ್ಲ, ಅವು ಬ್ರೌಸರ್‌ನಲ್ಲಿ ಕೋಹಾ ತೆರೆಯುತ್ತವೆ ಅಷ್ಟೆ.
- ಯುಪಿಎಸ್. ಇದು ಐಚ್ಛಿಕ ಅಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದಲ್ಲಿ ಮಳೆಗಾಲ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪುಸ್ತಕ ವಾಪಸ್ ತೆಗೆದುಕೊಳ್ಳುವಾಗ ದಿಢೀರಂತ ಕರೆಂಟ್ ಹೋದರೆ ಡೇಟಾಬೇಸ್ ಹಾಳಾಗುವ ಸಾಧ್ಯತೆ ಇದೆ.
- ಯುಎಸ್‌ಬಿ ಬಾರ್‌ಕೋಡ್ ಸ್ಕ್ಯಾನರ್ ಒಂದು.
- ಎರಡು ಹೊರಗಿನ ಡಿಸ್ಕ್ ಅಥವಾ ಪೆನ್‌ಡ್ರೈವ್, ಬ್ಯಾಕಪ್‌ಗೆ.

ಕ್ಲೌಡ್‌ನಲ್ಲಿ ಹಾಕೋಣವಾ ಅಂತ ಕೆಲವರು ಕೇಳುತ್ತಾರೆ. ಮನೆಯಿಂದಲೂ ಹುಡುಗರು ಪುಸ್ತಕ ಹುಡುಕಬೇಕು ಅಂತಿದ್ದರೆ ಹಾಕಿ, ತಿಂಗಳ ಬಾಡಿಗೆ ಕಟ್ಟಲು ಕಾಲೇಜು ಒಪ್ಪಿದ್ದರೆ. ಇಲ್ಲದಿದ್ದರೆ ಕಟ್ಟಡದೊಳಗಿನ ಕಂಪ್ಯೂಟರೇ ಸಾಕು. ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ನಮ್ಮ ಕಡೆ ಅದು ದೊಡ್ಡ ಅನುಕೂಲ.

ಹಂತ 3: ಪಟ್ಟಿ ಸರಿಮಾಡಿ

ಕೋಹಾ ಹಾಕುವ ಮೊದಲೇ ಇದನ್ನು ಶುರುಮಾಡಿ. ಮುಂದಿನ ಹಂತಗಳೆಲ್ಲ ಇದರ ಮೇಲೆ ನಿಂತಿವೆ.

*ಯೂನಿಕೋಡ್ ಹೌದೋ ಅಲ್ಲವೋ*

ಹಲವು ಕಡೆ ಪುಸ್ತಕಗಳ ಪಟ್ಟಿಯನ್ನು ಹತ್ತು ಹದಿನೈದು ವರ್ಷದ ಹಿಂದೆಯೇ ನುಡಿ ಅಥವಾ ಬರಹ ಅನ್ನುವ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಟ್ಟಿರುತ್ತಾರೆ. ಆ ಹಳೇ ಫಾಂಟುಗಳಲ್ಲಿ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಯೂನಿಕೋಡ್ ಅಂದರೆ ಒಳಗೂ ಕನ್ನಡವೇ ಇರುವ ವ್ಯವಸ್ಥೆ. ಕೋಹಾಗೆ ಬೇಕಾದದ್ದು ಎರಡನೆಯದು.

ಪರೀಕ್ಷೆ ಸುಲಭ. ಹಾಳೆಯಿಂದ ಒಂದು ಶೀರ್ಷಿಕೆ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಯಾರಿಗಾದರೂ ಕಳಿಸಿ. ಕನ್ನಡವಾಗಿಯೇ ಹೋದರೆ ಯೂನಿಕೋಡ್. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಹೋದರೆ ಪರಿವರ್ತನೆ ಮಾಡಬೇಕು. ಪರಿವರ್ತಕಗಳು ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಓಪನ್ ಸೋರ್ಸ್ ಆಗಿರುವವೂ ಇವೆ.

ಎಚ್ಚರಿಕೆ: ಪರಿವರ್ತಕಕ್ಕೆ ಇಡೀ ಹಾಳೆ ಹಾಕಬೇಡಿ. ನಿಜವಾದ ಇಂಗ್ಲಿಷ್ ಶೀರ್ಷಿಕೆ ಅದರೊಳಗಿದ್ದರೆ ಅದನ್ನೂ ನುಡಿ ಅಂದುಕೊಂಡು ಕನ್ನಡ ಅಕ್ಷರಗಳ ಗುಡ್ಡೆ ಮಾಡಿಬಿಡುತ್ತದೆ. ಇಂಗ್ಲಿಷ್ ಪುಸ್ತಕಗಳ ಸಾಲುಗಳನ್ನು ಮೊದಲು ಬೇರೆ ಹಾಳೆಗೆ ತೆಗೆಯಿರಿ. ಒಂದೇ ಶೀರ್ಷಿಕೆಯಲ್ಲಿ ಎರಡೂ ಭಾಷೆ ಇರುವವನ್ನು ಕೈಯಲ್ಲೇ ಟೈಪ್ ಮಾಡಿ, ಬೇರೆ ದಾರಿಯಿಲ್ಲ.

*ಎಕ್ಸೆಲ್‌ನ ಉಪಕಾರಗಳು*

ಎಕ್ಸೆಲ್ ಕೇಳದೆ ಉಪಕಾರ ಮಾಡುತ್ತದೆ. 13 ಅಂಕಿಯ ಐಎಸ್‌ಬಿಎನ್ (ಪುಸ್ತಕದ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆ) ಕೊಟ್ಟರೆ ಅದನ್ನು ಗಣಿತದ ದೊಡ್ಡ ಸಂಖ್ಯೆ ಅಂದುಕೊಂಡು ಚಿಕ್ಕದು ಮಾಡಿ ತೋರಿಸುತ್ತದೆ. ಹಾಗೇ ಸೇವ್ ಮಾಡಿದರೆ ಕೊನೆಯ ಅಂಕಿಗಳು ಹೋದಂತೆಯೇ. ಅಕ್ಸೆಶನ್ ನಂಬರ್ 00452 ಅಂತಿದ್ದರೆ ಮುಂದಿನ ಸೊನ್ನೆಗಳನ್ನು ತಿಂದುಹಾಕುತ್ತದೆ. ಟೈಪ್ ಮಾಡುವ ಮೊದಲೇ ಈ ಕಾಲಂಗಳನ್ನು "ಟೆಕ್ಸ್ಟ್" ಅಂತ ಗೊತ್ತುಮಾಡಿ.

ಸೇವ್ ಮಾಡುವಾಗ ಬರೀ ಸಿಎಸ್‌ವಿ ಆಯ್ದುಕೊಂಡರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಸಿಎಸ್‌ವಿ ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ ಕಡತ. "ಸಿಎಸ್‌ವಿ ಯುಟಿಎಫ್-8" ಅಂತ ಬೇರೆಯೇ ಆಯ್ಕೆ ಇರುತ್ತದೆ, ಅದನ್ನು ತೆಗೆದುಕೊಳ್ಳಿ. ನನ್ನನ್ನು ಕೇಳಿದರೆ ಲಿಬ್ರೆ ಆಫೀಸ್‌ನ ಕ್ಯಾಲ್ಕ್ ಬಳಸಿ. ಅದು ತೆರೆಯುವಾಗಲೂ ಸೇವ್ ಮಾಡುವಾಗಲೂ ಅಕ್ಷರ ವ್ಯವಸ್ಥೆ ಯಾವುದು ಅಂತ ನಿಮ್ಮನ್ನೇ ಕೇಳುತ್ತದೆ.

*"ಅದೇ" ಅನ್ನುವ ಗುರುತು*

ಹಳೇ ರಿಜಿಸ್ಟರ್ ಬರೆದವರು ಜಾಣರು. ಒಂದೇ ಪ್ರಕಾಶನದ ಇಪ್ಪತ್ತು ಪುಸ್ತಕ ಬಂದರೆ ಮೊದಲ ಸಾಲಿನಲ್ಲಿ ಹೆಸರು ಬರೆದು ಕೆಳಗೆ ಎರಡು ಗೀಟು ಹಾಕುತ್ತಾ ಹೋಗಿರುತ್ತಾರೆ. ಟೈಪ್ ಮಾಡಿದವರು ಆ ಗೀಟುಗಳನ್ನೂ ಹಾಗೇ ಟೈಪ್ ಮಾಡಿರುತ್ತಾರೆ. ಈಗ ನೀವು ಲೇಖಕರ ಹೆಸರಿನ ಪ್ರಕಾರ ಹಾಳೆಯನ್ನು ಒಂದು ಸಲ ಸಾರ್ಟ್ ಮಾಡಿದಿರೋ, ಯಾವ ಗೀಟು ಯಾವ ಪ್ರಕಾಶಕರದ್ದು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಸಾರ್ಟ್ ಬಟನ್ ಮುಟ್ಟುವ ಮೊದಲು ಇದನ್ನು ಮುಗಿಸಿ. ಇಲ್ಲಿಂದ ಮುಂದಕ್ಕೆ ಓಪನ್‌ರಿಫೈನ್ ಅನ್ನುವ ಉಚಿತ ಸಲಕರಣೆ ಬಳಸಿ. ಗೊಂದಲದ ಪಟ್ಟಿಗಳನ್ನು ಶುಚಿ ಮಾಡಲೆಂದೇ ಇರುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಅದು. ಬ್ರೌಸರ್‌ನಲ್ಲಿ ತೆರೆಯುತ್ತದೆ, ಆದರೆ ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ, ಡೇಟಾ ಹೊರಗೆ ಹೋಗುವುದಿಲ್ಲ. ಗೀಟುಗಳಿರುವ ಮನೆಗಳನ್ನು ಮೊದಲು ಖಾಲಿ ಮಾಡಿ. ಆಮೇಲೆ "ಫಿಲ್ ಡೌನ್" ಒತ್ತಿ. ಮೇಲಿನ ಹೆಸರು ಕೆಳಗಿನ ಖಾಲಿ ಮನೆಗಳಿಗೆಲ್ಲ ಇಳಿಯುತ್ತದೆ. ಆದರೆ ರಿಜಿಸ್ಟರ್‌ನಲ್ಲೇ ಖಾಲಿ ಬಿಟ್ಟಿದ್ದ ಮನೆಗಳೂ ತುಂಬಿಕೊಳ್ಳುತ್ತವೆ. ಅಂಥವಕ್ಕೆ ಮುಂಚೆಯೇ "ತಿಳಿದಿಲ್ಲ" ಅಂತ ಹಾಕಿಡಿ.

*ಸೊನ್ನೆಯೋ ಅನುಸ್ವಾರವೋ*

ಈ ಎರಡು ಪದ ನೋಡಿ: ಸಂಸ್ಕೃತಿ, ಸ೦ಸ್ಕೃತಿ. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಕಷ್ಟ, ಅಲ್ವಾ? ಮೊದಲನೆಯದರಲ್ಲಿ ಅನುಸ್ವಾರ ಇದೆ. ಎರಡನೆಯದರಲ್ಲಿ ಕನ್ನಡದ ಅಂಕಿ ಸೊನ್ನೆ ಇದೆ. ಟೈಪ್ ಮಾಡುವವರು ಅವಸರದಲ್ಲಿ ಸೊನ್ನೆ ಒತ್ತಿರುತ್ತಾರೆ, ಕೆಲವು ಪರಿವರ್ತಕಗಳೂ ಇದೇ ತಪ್ಪು ಮಾಡುತ್ತವೆ. ಮನುಷ್ಯರು ಓದಿಕೊಳ್ಳುತ್ತಾರೆ. ಕಂಪ್ಯೂಟರ್‌ಗೆ ಅವು ಬೇರೆ ಬೇರೆ ಪದ. ವಿದ್ಯಾರ್ಥಿ ಸರಿಯಾಗಿ ಟೈಪ್ ಮಾಡಿ ಹುಡುಕಿದರೂ ಪುಸ್ತಕ ಇಲ್ಲ ಅಂತ ಬರುತ್ತದೆ. ಪುಸ್ತಕ ಕಪಾಟಿನಲ್ಲೇ ಕೂತಿರುತ್ತದೆ.

ಓಪನ್‌ರಿಫೈನ್‌ನಲ್ಲಿ ಕನ್ನಡ ಸೊನ್ನೆ ಇರುವ ಸಾಲುಗಳನ್ನು ಮಾತ್ರ ಸೋಸಿ ತೆಗೆಯಿರಿ. ಅಕ್ಷರದ ಹಿಂದೆಯೇ ಬಂದ ಸೊನ್ನೆಯನ್ನು ಅನುಸ್ವಾರ ಮಾಡಿ. ಅಂಕಿಯ ಹಿಂದೆ ಬಂದದ್ದನ್ನು, ಅಂದರೆ ೧೦, ೨೦೦ ಇಂಥವನ್ನು, ಬಿಡಿ. ಕಣ್ಣುಮುಚ್ಚಿ ಎಲ್ಲ ಬದಲಿಸಿದರೆ ೧೦ ಹೋಗಿ ೧ಂ ಆಗುತ್ತದೆ.

ಇದರ ಜೊತೆಗೇ ಇನ್ನೆರಡು. ಪ್ರಕಟಣೆಯ ವರ್ಷ, ಬೆಲೆ, ಪುಟಗಳ ಕಾಲಂಗಳಲ್ಲಿ ಕನ್ನಡ ಅಂಕಿ ಇದ್ದರೆ ಇಂಗ್ಲಿಷ್ ಅಂಕಿ ಮಾಡಿ, ಇಲ್ಲದಿದ್ದರೆ ವರ್ಷದ ಪ್ರಕಾರ ಜೋಡಿಸಲು ಆಗುವುದಿಲ್ಲ. ಶೀರ್ಷಿಕೆಯೊಳಗಿನ ಕನ್ನಡ ಅಂಕಿ ಹಾಗೇ ಇರಲಿ. ಮತ್ತೆ, "ಸಾಫ್ಟ್‌ವೇರ್" ಥರದ ಪದಗಳಲ್ಲಿ ಒತ್ತಕ್ಷರ ಆಗದ ಹಾಗೆ ತಡೆಯಲು ಒಂದು ಕಾಣದ ಚಿಹ್ನೆ ಇರುತ್ತದೆ. ಕೆಲವರು ಅದನ್ನು ಹಾಕಿರುತ್ತಾರೆ, ಕೆಲವರು ಇಲ್ಲ. ಹಾಕುವುದು ಅಂತ ತೀರ್ಮಾನಿಸಿ, ಟೈಪ್ ಮಾಡುವವರಿಗೆಲ್ಲ ಹೇಳಿ.

*ಒಬ್ಬರೇ ಲೇಖಕರು, ನಾಲ್ಕು ಹೆಸರು*

ಮೂಡಿಗೆರೆಯಲ್ಲಿದ್ದ ತೇಜಸ್ವಿಯವರನ್ನೇ ತೆಗೆದುಕೊಳ್ಳಿ. ಪೂರ್ಣಚಂದ್ರ ತೇಜಸ್ವಿ, ಕೆ.ಪಿ. ಪೂರ್ಣಚಂದ್ರ ತೇಜಸ್ವಿ, ಕೆ ಪಿ ಪೂರ್ಣಚಂದ್ರತೇಜಸ್ವಿ, ತೇಜಸ್ವಿ ಕೆ.ಪಿ.ಪಿ. ಒಂದೇ ರಿಜಿಸ್ಟರ್‌ನಲ್ಲಿ ಇಷ್ಟೂ ಇರಬಹುದು. ಹಾಸನದ ಪಕ್ಕದ ಊರಿನ ಹೆಸರನ್ನು ಹೊತ್ತ ಲೇಖಕರು ಒಂದು ಸಾಲಿನಲ್ಲಿ ಗೊರೂರು, ಇನ್ನೊಂದರಲ್ಲಿ ಗೋರೂರು. ಭೈರಪ್ಪನವರು ಒಮ್ಮೆ ಮಹಾಪ್ರಾಣ, ಒಮ್ಮೆ ಅಲ್ಪಪ್ರಾಣ. ಹಾಗೇ ಬಿಟ್ಟರೆ ಒಂದು ಹೆಸರಿನಲ್ಲಿ ಹುಡುಕಿದವರಿಗೆ ಅವರ ಪುಸ್ತಕಗಳಲ್ಲಿ ಕೆಲವು ಮಾತ್ರ ಸಿಗುತ್ತವೆ.

ಓಪನ್‌ರಿಫೈನ್‌ನಲ್ಲಿ "ಕ್ಲಸ್ಟರ್" ಅನ್ನುವ ಸೌಲಭ್ಯ ಇದೆ. ಒಂದರಂತೆ ಒಂದಿರುವ ಹೆಸರುಗಳನ್ನು ಗುಂಪು ಮಾಡಿ ತೋರಿಸಿ, ಇವು ಒಂದೇನಾ ಅಂತ ನಿಮ್ಮನ್ನು ಕೇಳುತ್ತದೆ. ಉಚ್ಚಾರಣೆ ಆಧರಿಸಿದ ವಿಧಾನಗಳು ಇಂಗ್ಲಿಷ್ ಮತ್ತಿತರ ಯುರೋಪಿನ ಭಾಷೆಗಳಿಗಾಗಿ ಮಾಡಿದವು, ಕನ್ನಡಕ್ಕೆ ಕೆಲಸಕ್ಕೆ ಬರುವುದಿಲ್ಲ. "ನಿಯರೆಸ್ಟ್ ನೇಬರ್" ಆಯ್ದುಕೊಳ್ಳಿ. ಅದು ಎಷ್ಟು ಅಕ್ಷರ ವ್ಯತ್ಯಾಸ ಇದೆ ಅಂತ ಮಾತ್ರ ಲೆಕ್ಕ ಹಾಕುವುದರಿಂದ ಯಾವ ಲಿಪಿಯಾದರೂ ನಡೆಯುತ್ತದೆ.

ಎಚ್ಚರಿಕೆ: ಒಪ್ಪಿಗೆ ಕೊಡುವಾಗ ಲೈಬ್ರರಿಯನ್ ಪಕ್ಕದಲ್ಲಿರಬೇಕು. ಒಂದಕ್ಷರ ಮಾತ್ರ ಬೇರೆಯಿರುವ ಇಬ್ಬರು ಬೇರೆ ಲೇಖಕರು ಕನ್ನಡದಲ್ಲಿ ಬೇಕಾದಷ್ಟು ಜನ ಇದ್ದಾರೆ. ಇನ್ನು ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ ಒಬ್ಬರೇ ಅಂತ ಯಾವ ಸಾಫ್ಟ್‌ವೇರೂ ಕಂಡುಹಿಡಿಯುವುದಿಲ್ಲ. ಅದಕ್ಕೆ ಪುಸ್ತಕ ಓದಿದವರೇ ಬೇಕು.

*ಒಂದು ಪುಸ್ತಕ, ಹತ್ತು ಪ್ರತಿ*

ರಿಜಿಸ್ಟರ್‌ನಲ್ಲಿ ಹತ್ತು ಪ್ರತಿಗೆ ಹತ್ತು ಸಾಲು. ಕೋಹಾದಲ್ಲಿ ಪುಸ್ತಕದ ವಿವರ ಒಂದೇ ದಾಖಲೆ, ಅದರ ಕೆಳಗೆ ಹತ್ತು ಪ್ರತಿಗಳು. ಹಾಗೇ ಏರಿಸಿದರೆ ಒಂದೇ ಪಠ್ಯಪುಸ್ತಕ ಹುಡುಕಿದಾಗ ಹತ್ತು ಸಲ ಬರುತ್ತದೆ. ಶೀರ್ಷಿಕೆ, ಲೇಖಕ, ಪ್ರಕಾಶಕ, ಮುದ್ರಣದ ವರ್ಷ ನಾಲ್ಕೂ ಒಂದೇ ಆಗಿರುವ ಸಾಲುಗಳನ್ನು ಈಗಲೇ ಗುಂಪು ಮಾಡಿ. ಮೇಲಿನ ಶುಚಿ ಕೆಲಸ ಆಗಿದ್ದರೆ ಮಾತ್ರ ಈ ಗುಂಪು ಸರಿಯಾಗಿ ಬರುತ್ತದೆ.

ಹಂತ 4: ಪಟ್ಟಿಯನ್ನು ಮಾರ್ಕ್ ಮಾಡುವುದು

ಮಾರ್ಕ್ 21 ಅನ್ನುವುದು ಪುಸ್ತಕದ ವಿವರ ಬರೆಯಲು ಜಗತ್ತಿನ ಲೈಬ್ರರಿಗಳು ಒಪ್ಪಿಕೊಂಡ ನಮೂನೆ. ಒಂದೊಂದು ವಿವರಕ್ಕೆ ಒಂದೊಂದು ನಂಬರ್. ಎಲ್ಲ ಕಲಿಯಬೇಕಿಲ್ಲ. ಇಷ್ಟು ಸಾಕು: 020 ಐಎಸ್‌ಬಿಎನ್, 082 ಡ್ಯೂಯಿ ವರ್ಗ ಸಂಖ್ಯೆ (ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುವ ಸಂಖ್ಯೆ), 100 ಲೇಖಕರು, 245 ಶೀರ್ಷಿಕೆ, 260 ಪ್ರಕಾಶಕರು ಮತ್ತು ವರ್ಷ, 300 ಪುಟಗಳು, 650 ವಿಷಯ. ಇದರ ಜೊತೆ ಕೋಹಾದ್ದೇ ಎರಡು: 942 ಯಾವ ಬಗೆಯ ಪುಸ್ತಕ, 952 ಪ್ರತಿಯ ವಿವರ. ಅಕ್ಸೆಶನ್ ನಂಬರ್, ಬೆಲೆ, ಕಪಾಟಿನ ಜಾಗ ಎಲ್ಲ 952ರ ಒಳಗೆ ಹೋಗುತ್ತವೆ.

ಕನ್ನಡ ಸಾಹಿತ್ಯಕ್ಕೆ ಡ್ಯೂಯಿ ಸಂಖ್ಯೆ 894.814. ಕಾವ್ಯಕ್ಕೆ 894.8141, ನಾಟಕಕ್ಕೆ 894.8142, ಕಥೆ-ಕಾದಂಬರಿಗೆ 894.8143. ನಮ್ಮ ಲೈಬ್ರರಿಗಳಲ್ಲಿ ಅರ್ಧ ಕಪಾಟು ಈ ಕೊನೆಯ ಸಂಖ್ಯೆಯಲ್ಲೇ ತುಂಬಿಹೋಗುತ್ತದೆ. ಹಾಗಾಗಿ ಪಕ್ಕದಲ್ಲಿ ಲೇಖಕರ ಹೆಸರಿನ ಮೊದಲ ಅಕ್ಷರಗಳನ್ನು ಹಾಕಿ.

ಸಿಎಸ್‌ವಿಯಿಂದ ಮಾರ್ಕ್ ಮಾಡಲು ಎರಡು ದಾರಿ. ಪ್ರೋಗ್ರಾಂ ಬರೆಯಲು ಬಾರದವರಿಗೆ ಮಾರ್ಕ್‌ಎಡಿಟ್. ಅದು ಉಚಿತ, ಆದರೆ ಓಪನ್ ಸೋರ್ಸ್ ಅಲ್ಲ. ಅದರೊಳಗಿನ "ಡಿಲಿಮಿಟೆಡ್ ಟೆಕ್ಸ್ಟ್ ಟ್ರಾನ್ಸ್‌ಲೇಟರ್"ನಲ್ಲಿ ಯಾವ ಕಾಲಂ ಯಾವ ನಂಬರ್‌ಗೆ ಹೋಗಬೇಕು ಅಂತ ಹೇಳಿದರೆ ಸಾಕು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದವರಿಗೆ ಪೈಮಾರ್ಕ್ ಅನ್ನುವ ಓಪನ್ ಸೋರ್ಸ್ ಕೋಡ್ ಸಂಗ್ರಹ. ಪ್ರತಿಗಳನ್ನು ಗುಂಪು ಮಾಡಿ ಒಂದೇ ದಾಖಲೆಗೆ ಹಲವು 952 ಸೇರಿಸುವ ಕೆಲಸ ಪೈಮಾರ್ಕ್‌ನಲ್ಲೇ ಸಲೀಸು. ಕಾಲೇಜಿನ ಬಿಸಿಎ ಹುಡುಗರಿಗೆ ಕೊಡಿ, ಖುಷಿಯಿಂದ ಬರೆದುಕೊಡುತ್ತಾರೆ. ಅವರಿಗೂ ನಿಜವಾದ ಕೆಲಸ ಒಂದು ಸಿಕ್ಕಂತಾಗುತ್ತದೆ.

ಇಂಗ್ಲಿಷ್ ಪಠ್ಯಪುಸ್ತಕಗಳಿಗೆ ಇಷ್ಟೆಲ್ಲ ಬೇಡ. ಝಡ್39.50 ಅನ್ನುವ ವ್ಯವಸ್ಥೆಯಲ್ಲಿ ಬೇರೆ ಲೈಬ್ರರಿಯ ದಾಖಲೆಯನ್ನು ಐಎಸ್‌ಬಿಎನ್ ಕೊಟ್ಟು ನೇರ ಎಳೆದುಕೊಳ್ಳಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನದು ಎಲ್ಲರಿಗೂ ತೆರೆದಿದೆ. ಅಲ್ಲಿ ಕನ್ನಡ ಪುಸ್ತಕಗಳೂ ಇವೆ, ಅವರ ದೆಹಲಿ ಕಚೇರಿ ಭಾರತದ ಪುಸ್ತಕಗಳನ್ನು ಕೊಂಡು ಕಳಿಸುತ್ತದೆ. ಆದರೆ ಶೀರ್ಷಿಕೆಯನ್ನು ಹೆಚ್ಚಾಗಿ ರೋಮನ್ ಅಕ್ಷರದಲ್ಲಿ, ಮೇಲೆ ಕೆಳಗೆ ಚುಕ್ಕಿ ಗೆರೆ ಹಾಕಿ ಬರೆದಿರುತ್ತಾರೆ. ಹಾಗೇ ಇಳಿಸಿಕೊಂಡರೆ ನಿಮ್ಮ ಓದುಗರಿಗೆ ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. 245ರಲ್ಲಿ ಕನ್ನಡ ಲಿಪಿಯ ಶೀರ್ಷಿಕೆ ಹಾಕಿ.

ಅದರ ಉಲ್ಟಾ ಸಮಸ್ಯೆಯೂ ಇದೆ. ಹುಡುಗರು ಮೊಬೈಲ್‌ನಲ್ಲಿ ಕನ್ನಡ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. ಜಾಸ್ತಿ ಓಡುವ ಪುಸ್ತಕಗಳಿಗೆ 246ರಲ್ಲಿ, ಅಂದರೆ ಶೀರ್ಷಿಕೆಯ ಇನ್ನೊಂದು ರೂಪ ಬರೆಯುವ ಜಾಗದಲ್ಲಿ, ಅವರು ಟೈಪ್ ಮಾಡುವ ಹಾಗೆಯೇ ಸರಳ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಡಿ. ಎಲ್ಲ ಪುಸ್ತಕಕ್ಕೂ ಮಾಡಲು ಹೋಗಬೇಡಿ, ಮುಗಿಯುವುದಿಲ್ಲ.

ಹಂತ 5: ಕೋಹಾ ಹಾಕುವುದು

ಮೊದಲು ವರ್ಚುವಲ್‌ಬಾಕ್ಸ್‌ನಲ್ಲಿ ಹಾಕಿ ನೋಡಿ. ಅದು ನಿಮ್ಮ ವಿಂಡೋಸ್ ಕಂಪ್ಯೂಟರ್‌ನೊಳಗೇ ಇನ್ನೊಂದು ನಕಲಿ ಕಂಪ್ಯೂಟರ್ ಓಡಿಸುವ ಉಚಿತ ಸಾಫ್ಟ್‌ವೇರ್. ಅಲ್ಲಿ ಕೆಟ್ಟರೆ ಅಳಿಸಿ ಮತ್ತೆ ಹಾಕಬಹುದು.

ಕಮಾಂಡ್‌ಗಳನ್ನು ಕೋಹಾ ಸಮುದಾಯದ ವಿಕಿಯಿಂದಲೇ ಕಾಪಿ ಮಾಡಿ, ಯಾರೋ ಯಾವತ್ತೋ ಮಾಡಿದ ವಿಡಿಯೋ ನೋಡಿ ಅಲ್ಲ. ಕ್ರಮ ಹೀಗಿರುತ್ತದೆ: ಕೋಹಾದ ಪ್ಯಾಕೇಜ್ ಭಂಡಾರವನ್ನು ಸಿಸ್ಟಂಗೆ ಸೇರಿಸುವುದು, ಡೇಟಾಬೇಸ್ ಆಗಿ ಮರಿಯಾಡಿಬಿ ಹಾಕುವುದು, ಕೋಹಾ-ಕಾಮನ್ ಪ್ಯಾಕೇಜ್ ಹಾಕುವುದು, ಅಪಾಚಿ ವೆಬ್ ಸರ್ವರ್‌ನ ಬೇಕಾದ ಭಾಗಗಳನ್ನು ಚಾಲೂ ಮಾಡುವುದು, ಆಮೇಲೆ ಕೋಹಾ-ಕ್ರಿಯೇಟ್ ಕಮಾಂಡ್‌ನಿಂದ ನಿಮ್ಮ ಲೈಬ್ರರಿಯ ಹೆಸರಿನಲ್ಲಿ ಒಂದು ಘಟಕ ಸೃಷ್ಟಿಸುವುದು. ಕೊನೆಗೆ ಬ್ರೌಸರ್‌ನಲ್ಲಿ ಕೇಳಿದ್ದಕ್ಕೆ ಉತ್ತರಿಸುತ್ತಾ ಹೋದರೆ ಮುಗಿಯಿತು. ಮಾರ್ಕ್ 21 ಆಯ್ಕೆ ಮಾಡಲು ಮರೆಯಬೇಡಿ, ಆಮೇಲೆ ಬದಲಿಸಲಾಗದು.

ಎರಡು ಪುಟಗಳು ಸಿಗುತ್ತವೆ. ಒಂದು ಸಿಬ್ಬಂದಿಯದು, ಇನ್ನೊಂದು ಓಪ್ಯಾಕ್, ಅಂದರೆ ಓದುಗರು ಪುಸ್ತಕ ಹುಡುಕುವ ಪುಟ. ಸಿಬ್ಬಂದಿ ಪುಟವನ್ನು ಯಾವ ಕಾರಣಕ್ಕೂ ರೂಟರ್‌ನಲ್ಲಿ ಕಿಂಡಿ ಬಿಟ್ಟು ಇಂಟರ್ನೆಟ್‌ಗೆ ತೆರೆಯಬೇಡಿ.

ಸರ್ವರ್‌ಗೆ, ಅಂದರೆ ಕೋಹಾ ಹಾಕಿದ ಕಂಪ್ಯೂಟರ್‌ಗೆ, ಬದಲಾಗದ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ನಂಬರ್) ಕೊಡಿ. ಇದು ಚಿಕ್ಕ ವಿಷಯ, ಆದರೆ "ಕೋಹಾ ಓಪನ್ ಆಗ್ತಿಲ್ಲ" ಅನ್ನುವ ಫೋನ್‌ಗಳಲ್ಲಿ ತುಂಬಾ ಸಲ ಕಾರಣ ಇದೇ. ಕರೆಂಟ್ ಹೋಗಿ ಬಂದಾಗ ರೂಟರ್ ಹೊಸ ವಿಳಾಸ ಕೊಟ್ಟಿರುತ್ತದೆ, ಉಳಿದ ಕಂಪ್ಯೂಟರ್‌ಗಳು ಹಳೇ ವಿಳಾಸದಲ್ಲೇ ಹುಡುಕುತ್ತಿರುತ್ತವೆ.

ಹಂತ 6: ಕನ್ನಡದಲ್ಲಿ ಹುಡುಕುವ ಹಾಗೆ ಮಾಡುವುದು

ಈ ಹಂತವನ್ನು ಹೆಚ್ಚಿನ ಮಾರ್ಗದರ್ಶಿಗಳು ಬಿಟ್ಟುಬಿಡುತ್ತವೆ, ಅವುಗಳನ್ನು ಬರೆಯುವವರಿಗೆ ಇದರ ಅಗತ್ಯ ಬಿದ್ದಿರುವುದಿಲ್ಲ.

ಕೋಹಾದೊಳಗೆ ಹುಡುಕುವ ಕೆಲಸ ಮಾಡುವುದು ಜೀಬ್ರಾ ಅನ್ನುವ ಇನ್ನೊಂದು ಸಾಫ್ಟ್‌ವೇರ್. ಅದು ಪ್ರತಿ ಪುಸ್ತಕದ ಪದಗಳನ್ನು ಬಿಡಿಸಿ ಸೂಚಿ ಮಾಡಿಟ್ಟುಕೊಳ್ಳುತ್ತದೆ. ಮಾಮೂಲಿ ವ್ಯವಸ್ಥೆಯಲ್ಲಿ ಈ ಬಿಡಿಸುವ ನಿಯಮಗಳು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಬರೆದವು. ಕನ್ನಡದ ಕಾಗುಣಿತ, ಒತ್ತಕ್ಷರ ಬಂದಾಗ ಎಡವುತ್ತದೆ. ಇದಕ್ಕೆ ಐಸಿಯು ಅನ್ನುವ ನಿಯಮಗಳಿಗೆ ಬದಲಿಸಬೇಕು. ಐಸಿಯು ಅಂದರೆ ಯೂನಿಕೋಡ್‌ನ ಎಲ್ಲ ಲಿಪಿಗಳನ್ನು ನಿಭಾಯಿಸುವ ಓಪನ್ ಸೋರ್ಸ್ ಭಂಡಾರ. ಜೀಬ್ರಾದ "ಡಿಫಾಲ್ಟ್ ಡಾಟ್ ಐಡಿಎಕ್ಸ್" ಕಡತದಲ್ಲಿ ಚಾರ್‌ಮ್ಯಾಪ್ ಅನ್ನುವ ಸಾಲುಗಳ ಜಾಗದಲ್ಲಿ ಐಸಿಯು-ಚೈನ್ ಸಾಲುಗಳು ಬರಬೇಕು. ಕೋಹಾದ ಸಿಸ್ಟಂ ಪ್ರಿಫರೆನ್ಸ್‌ನಲ್ಲಿ ಐಸಿಯು ಬಗ್ಗೆ ಇರುವ ಆಯ್ಕೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಿ.

ಎಚ್ಚರಿಕೆ: ಬದಲಿಸಿದ ಮೇಲೆ ಕೋಹಾ-ರೀಬಿಲ್ಡ್-ಜೀಬ್ರಾ ಕಮಾಂಡ್ ಕೊಟ್ಟು ಪೂರ್ತಿ ಸೂಚಿಯನ್ನು ಹೊಸದಾಗಿ ಕಟ್ಟಿಸಬೇಕು. ಕಟ್ಟಿಸದೆ "ಬದಲಿಸಿದೆ, ಏನೂ ಆಗಲಿಲ್ಲ" ಅನ್ನುವವರೇ ಹೆಚ್ಚು. ಅಪ್‌ಡೇಟ್ ಮಾಡಿದ ಮೇಲೂ ಆ ಕಡತ ಹಾಗೇ ಉಳಿದಿದೆಯಾ ಅಂತ ನೋಡಿ.

ಪರೀಕ್ಷೆಗೆ ಒಂದು ಚೀಟಿಯಲ್ಲಿ ಕೆಲವು ಪದ ಬರೆದಿಟ್ಟುಕೊಳ್ಳಿ: ಒತ್ತಕ್ಷರ ಇರುವುದು, ಅರ್ಕಾವತ್ತು ಇರುವುದು, ಅನುಸ್ವಾರ ಇರುವುದು, ದೀರ್ಘ ಇರುವುದು. ಏನೇ ಬದಲಿಸಿದರೂ ಅವನ್ನು ಹುಡುಕಿ ನೋಡಿ.

ಓಪ್ಯಾಕ್‌ನ ಗುಂಡಿಗಳೂ ಕನ್ನಡದಲ್ಲಿ ಬೇಕು ಅಂದರೆ ಕೋಹಾ-ಟ್ರಾನ್ಸ್‌ಲೇಟ್ ಕಮಾಂಡ್ ಇದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಆದರೆ ಅನುವಾದ ಆಗದ ಸಾಲುಗಳು ಇಂಗ್ಲಿಷ್‌ನಲ್ಲೇ ಕಾಣುತ್ತವೆ.

ಹಂತ 7: ಏರಿಸುವುದು

ಕೋಹಾದಲ್ಲಿ ಮಾರ್ಕ್ ಕಡತ ಏರಿಸುವುದು ಎರಡು ಹೆಜ್ಜೆಯ ಕೆಲಸ. ಮೊದಲು "ಸ್ಟೇಜ್", ಅಂದರೆ ಹೊಸಿಲಲ್ಲಿ ನಿಲ್ಲಿಸುವುದು. ನೋಡಿ, ಸರಿಯಿದ್ದರೆ ಒಳಗೆ ಕರೆದುಕೊಳ್ಳುವುದು. ಐವತ್ತು ಪುಸ್ತಕದ ಸಣ್ಣ ಕಡತ ಮಾಡಿ ಮೊದಲು ಅದನ್ನೇ ಏರಿಸಿ. ತಪ್ಪಿದ್ದರೆ "ಅನ್‌ಡೂ" ಮಾಡಬಹುದು. ಆದರೆ ಪುಸ್ತಕ ಕೊಡಲು ಶುರುಮಾಡಿದ ಮೇಲೆ ಅನ್‌ಡೂ ನಂಬಬೇಡಿ.

ಏರಿಸುವ ಮೊದಲೇ ಶಾಖೆಯ ಕೋಡ್ ಮತ್ತು ಪುಸ್ತಕದ ಬಗೆಗಳ ಕೋಡ್ ಕೋಹಾದಲ್ಲಿ ಸೃಷ್ಟಿಯಾಗಿರಬೇಕು. ಕಡತದಲ್ಲಿರುವ ಕೋಡ್ ಕೋಹಾದಲ್ಲಿರುವುದಕ್ಕೆ ಹೊಂದದಿದ್ದರೆ ಪುಸ್ತಕದ ವಿವರ ಬರುತ್ತದೆ, ಪ್ರತಿಗಳು ಸರಿಯಾಗಿ ಬರುವುದಿಲ್ಲ.

ಸದಸ್ಯರ ಪಟ್ಟಿಗೆ ಸಿಎಸ್‌ವಿಯೇ ಸಾಕು, ಮಾದರಿ ಕಡತ ಕೋಹಾದಲ್ಲೇ ಸಿಗುತ್ತದೆ. ಆಧಾರ್ ಸಂಖ್ಯೆ ತುಂಬಲು ಹೋಗಬೇಡಿ. ಪುಸ್ತಕ ಕೊಡಲು ಅದು ಯಾಕೆ ಬೇಕು?

ಹಂತ 8: ಬಾರ್‌ಕೋಡ್

ಅಕ್ಸೆಶನ್ ನಂಬರನ್ನೇ ಬಾರ್‌ಕೋಡ್ ಮಾಡಿ, ಹೊಸ ನಂಬರ್ ಹುಟ್ಟುಹಾಕಬೇಡಿ. ಅಂಗಡಿ ಬಿಲ್ಲಿನ ಥರದ ಥರ್ಮಲ್ ಕಾಗದ ಬೇಡ, ಮಾಸಿಹೋಗುತ್ತದೆ. ಲೇಸರ್ ಪ್ರಿಂಟ್ ಅಥವಾ ರಿಬ್ಬನ್ ಇರುವ ಲೇಬಲ್ ಪ್ರಿಂಟರ್ ಬಳಸಿ. ಮಲೆನಾಡಿನ ತೇವಕ್ಕೆ ಅಂಚು ಎದ್ದುಬರುತ್ತದೆ, ಮೇಲೊಂದು ಪಾರದರ್ಶಕ ಟೇಪ್ ಹಾಕಿ.

ಒಂದು ವಿಚಿತ್ರ ತೊಂದರೆ ಹೇಳಿಬಿಡುತ್ತೇನೆ. ಸ್ಕ್ಯಾನರ್ ಕಂಪ್ಯೂಟರ್‌ಗೆ ಒಂದು ಕೀಬೋರ್ಡ್ ಇದ್ದ ಹಾಗೆ. ಬಾರ್‌ಕೋಡ್ ಓದಿ ಆ ನಂಬರನ್ನು ಟೈಪ್ ಮಾಡುತ್ತದೆ ಅಷ್ಟೆ. ನೀವು ಆಗತಾನೇ ಕನ್ನಡ ಶೀರ್ಷಿಕೆ ಹುಡುಕಿ ಕೀಬೋರ್ಡನ್ನು ಕನ್ನಡದಲ್ಲೇ ಬಿಟ್ಟಿದ್ದರೆ, ಸ್ಕ್ಯಾನರ್ ಕೂಡ ಕನ್ನಡದಲ್ಲೇ ಟೈಪ್ ಮಾಡಬಹುದು. 452 ಬದಲು ೪೫೨ ಹೋಗುತ್ತದೆ, ಕೋಹಾ "ಇಂಥ ಬಾರ್‌ಕೋಡ್ ಇಲ್ಲ" ಅನ್ನುತ್ತದೆ. ಸ್ಕ್ಯಾನರ್ ಕೆಟ್ಟಿದೆ ಅಂತ ರಿಪೇರಿಗೆ ಕಳಿಸುವ ಮೊದಲು ಕೀಬೋರ್ಡ್ ಯಾವ ಭಾಷೆಯಲ್ಲಿದೆ ನೋಡಿ.

ಹಂತ 9: ಬ್ಯಾಕಪ್

ಕೋಹಾ ದಿನವೂ ತಾನೇ ಬ್ಯಾಕಪ್ ಮಾಡುತ್ತದೆ, ನಿಜ. ಆದರೆ ಅದನ್ನು ಅದೇ ಕಂಪ್ಯೂಟರ್‌ನಲ್ಲೇ ಇಟ್ಟುಕೊಳ್ಳುತ್ತದೆ. ಸಿಡಿಲು ಬಡಿದು ಡಿಸ್ಕ್ ಹೋದರೆ ಬ್ಯಾಕಪ್ಪೂ ಹೋಯಿತು. ವಾರಕ್ಕೆ ಒಮ್ಮೆಯಾದರೂ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ, ಎರಡು ಡಿಸ್ಕ್ ಅದಲು ಬದಲು ಬಳಸಿ, ಒಂದನ್ನು ಬೇರೆ ಕಟ್ಟಡದಲ್ಲಿಡಿ. ಹಂತ 5ರ ವರ್ಚುವಲ್‌ಬಾಕ್ಸ್ ಇದೆಯಲ್ಲ, ಆಗಾಗ ಅದರಲ್ಲಿ ಬ್ಯಾಕಪ್ ವಾಪಸ್ ಹಾಕಿ ತೆರೆಯುತ್ತದಾ ಅಂತ ನೋಡಿ.

ಹಂತ 10: ಸಿಕ್ಕಿಹಾಕಿಕೊಂಡಾಗ ಕೇಳುವುದು, ಬಿಡಿಸಿಕೊಂಡ ಮೇಲೆ ಹಂಚುವುದು

ಲೈಬ್ರರಿಗಳಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರು ಒಬ್ಬರಿಗೊಬ್ಬರು ಸಹಾಯ ಮಾಡುವ ರೂಢಿ ಹಳೆಯದು. ಕೋಡ್4ಲಿಬ್ ಅನ್ನುವ ಗುಂಪು 2003ರಿಂದ ಇದೆ. ಕೋಹಾ ಬಳಸುವವರದ್ದೇ ಬೇರೆ ಗುಂಪೂ ಇದೆ. ದೊಡ್ಡ ವಿಶ್ವವಿದ್ಯಾಲಯದವರು, ಸಣ್ಣ ಊರಿನವರು ಅಂತ ಯಾರೂ ನೋಡುವುದಿಲ್ಲ. ಪ್ರಶ್ನೆ ಸರಿಯಾಗಿರಬೇಕು ಅಷ್ಟೆ.

"ಕೋಹಾ ವರ್ಕ್ ಆಗ್ತಿಲ್ಲ, ಅರ್ಜೆಂಟ್" ಅಂದರೆ ಉತ್ತರ ಬರುವುದಿಲ್ಲ. ನಾಲ್ಕು ವಿಷಯ ಹೇಳಿ: ಕೋಹಾದ ಯಾವ ಆವೃತ್ತಿ, ಯಾವ ಲಿನಕ್ಸ್, ಏನು ಮಾಡಿದಾಗ ಹೀಗಾಯಿತು, ದೋಷದ ಸಂದೇಶ ಅಕ್ಷರಶಃ ಏನಿದೆ. ಸಂದೇಶಗಳು ಕೋಹಾದ ಲಾಗ್ ಕಡತಗಳಲ್ಲಿರುತ್ತವೆ. ಮೊಬೈಲ್‌ನಲ್ಲಿ ತೆಗೆದ ಮಸುಕು ಫೋಟೋ ಬೇಡ, ಪಠ್ಯವನ್ನೇ ಕಾಪಿ ಮಾಡಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು, ಅಲ್ಲಿ ಕೇಳುವ ಎಷ್ಟೋ ಜನರ ಮನೆಮಾತೂ ಇಂಗ್ಲಿಷ್ ಅಲ್ಲ. ನ್ಯೂಜಿಲೆಂಡ್‌ನವರಿಗೆ ನಮ್ಮ ಮಧ್ಯಾಹ್ನ ರಾತ್ರಿ, ಹಾಗಾಗಿ ಉತ್ತರಕ್ಕೆ ಒಂದು ದಿನ ಕಾಯಿರಿ.

ಎಚ್ಚರಿಕೆ: ಕೋಹಾದ ಮುಖ್ಯ ಸಂರಚನಾ ಕಡತವಾದ ಕೋಹಾ-ಕಾನ್ಫ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇರುತ್ತದೆ. ಅದನ್ನು ಹಾಗೇ ಯಾರಿಗೂ ಕಳಿಸಬೇಡಿ. ಯಾರಿಗಾದರೂ ಡೇಟಾಬೇಸ್ ಪ್ರತಿ ಕೊಡುವ ಮುಂಚೆ ಸದಸ್ಯರ ಹೆಸರು, ಫೋನ್, ಯಾರು ಯಾವ ಪುಸ್ತಕ ಓದಿದರು ಅನ್ನುವ ದಾಖಲೆ ಎಲ್ಲ ತೆಗೆದಿರಬೇಕು.

ಇನ್ನು ಹಂಚುವುದು. ನಿಮ್ಮಲ್ಲಿ ಹಂಚಲು ಏನೂ ಇಲ್ಲ ಅಂದುಕೊಳ್ಳಬೇಡಿ. ಓಪನ್‌ರಿಫೈನ್‌ನಲ್ಲಿ ನೀವು ಮಾಡಿದ ಪ್ರತಿ ತಿದ್ದುಪಡಿಯ ಪಟ್ಟಿ ಉಳಿದಿರುತ್ತದೆ. ಅದರಲ್ಲಿ ಹೆಚ್ಚಿನದನ್ನು ಜೇಸನ್ ಅನ್ನುವ ಪಠ್ಯರೂಪದಲ್ಲಿ ಹೊರತೆಗೆಯಬಹುದು. ಹಾಸನದಲ್ಲಿ ಮಾಡಿದ ಸೊನ್ನೆ-ಅನುಸ್ವಾರದ ತಿದ್ದುಪಡಿಯನ್ನು ಕಡೂರಿನ ಲೈಬ್ರರಿಯವರು ತಮ್ಮ ಹಾಳೆಗೆ ಅಂಟಿಸಿ ಒಂದು ಗುಂಡಿ ಒತ್ತಿದರೆ ಅಲ್ಲೂ ಆಗುತ್ತದೆ, ಕಾಲಂ ಹೆಸರುಗಳು ಒಂದೇ ಇದ್ದರೆ. ಹಾಗಾಗಿ ಕಾಲಂ ಹೆಸರುಗಳನ್ನು ಅಕ್ಕಪಕ್ಕದ ಲೈಬ್ರರಿಯವರು ಮೊದಲೇ ಮಾತಾಡಿಕೊಂಡು ಒಂದೇ ಇಟ್ಟುಕೊಳ್ಳುವುದು ಒಳ್ಳೆಯದು. ಲೇಖಕರ ಸರಿ ಹೆಸರುಗಳ ಪಟ್ಟಿಯೂ ಹಾಗೆಯೇ. ಒಂದು ಲೈಬ್ರರಿ ಮಾಡಿದರೆ ಹತ್ತು ಲೈಬ್ರರಿಗೆ ಆಗುತ್ತದೆ.

ಪೈಮಾರ್ಕ್ ಸ್ಕ್ರಿಪ್ಟ್ ಹಂಚುವಾಗ ಮೂರು ಜೊತೆಗಿರಲಿ: ಹೇಗೆ ಓಡಿಸುವುದು ಅನ್ನುವ ನಾಲ್ಕು ಸಾಲು, ಹತ್ತು ಪುಸ್ತಕದ ಮಾದರಿ ಕಡತ, ಮತ್ತು ಪರವಾನಗಿ. ಪರವಾನಗಿ ಬರೆಯದಿದ್ದರೆ ಕಾನೂನಿನ ಪ್ರಕಾರ ಬೇರೆಯವರು ಅದನ್ನು ಬಳಸುವ ಹಾಗಿಲ್ಲ, ನೀವು ಎಷ್ಟೇ ಉದಾರಿಯಾಗಿದ್ದರೂ. ಕೋಹಾ ಇರುವುದು ಜಿಪಿಎಲ್ ಅನ್ನುವ ಓಪನ್ ಸೋರ್ಸ್ ಪರವಾನಗಿಯ ಆವೃತ್ತಿ 3ರ ಅಡಿಯಲ್ಲಿ. ನಿಮ್ಮದಕ್ಕೂ ಅದನ್ನೇ ಹಾಕಿದರೆ ತಲೆನೋವಿಲ್ಲ.

ಕೋಡ್ ಬರೆಯಲು ಬಾರದವರು ಕೋಹಾದ ಕನ್ನಡ ಅನುವಾದಕ್ಕೆ ಕೈಹಾಕಬಹುದು. ಬ್ರೌಸರ್‌ನಲ್ಲೇ ಆಗುವ ಕೆಲಸ. ಅಲ್ಲಿ ದೊಡ್ಡ ದೊಡ್ಡ ಸಂಸ್ಕೃತ ಪದ ಹುಡುಕಬೇಡಿ. ನಿಮ್ಮ ಕೌಂಟರ್‌ನಲ್ಲಿ ಹುಡುಗರು ಏನಂತಾರೋ ಅದನ್ನೇ ಹಾಕಿ.

ಕೊನೆಯದಾಗಿ ಅಪ್‌ಡೇಟ್. ಕೋಹಾದ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ ಬರುತ್ತದೆ, ಮೇ ಮತ್ತು ನವೆಂಬರ್‌ನಲ್ಲಿ. ಬಂದ ದಿನವೇ ಹಾಕಬೇಡಿ, ಕೆಲವು ತಿಂಗಳು ಬಿಡಿ. ಅಡ್ಮಿಷನ್ ಸಮಯದಲ್ಲಂತೂ ಮುಟ್ಟಲೇಬೇಡಿ. ದಸರಾ ರಜೆಯಲ್ಲಿ ಬ್ಯಾಕಪ್ ತೆಗೆದು, ವರ್ಚುವಲ್‌ಬಾಕ್ಸ್‌ನಲ್ಲಿ ಮೊದಲು ಹಾಕಿ, ನಿಮ್ಮ ಚೀಟಿಯ ಪದಗಳನ್ನೆಲ್ಲ ಹುಡುಕಿ ನೋಡಿ, ಆಮೇಲೆ ನಿಜವಾದ ಸರ್ವರ್‌ಗೆ ಹಾಕಿ.